ಕುರುಡಿಯ ಘಟ್ಟ

ನಮ್ಮ ಮನೆಯಲ್ಲಿ ಪ್ರತಿ ಜಾಗಕ್ಕೂ ಎರಡೆರಡು ಹೆಸರಿದ್ದವು. ಅಪ್ಪನ ಹೆಸರುಗಳು ರಸ್ತೆಯ ಹೆಸರುಗಳು: ಪೆಟ್ರೋಲ್ ಪಂಪಿನ ಎದುರು, ಕಹ್ವಾ ಕಾಫಿಯ ದೊಡ್ಡ ಹೂಜಿ ನಿಲ್ಲಿಸಿದ ರೌಂಡ್‌ಅಬೌಟಿನಿಂದ ಎಡಕ್ಕೆ, ಎರಡನೇ ಸಿಗ್ನಲ್. ಅವ್ವನ ಹೆಸರುಗಳು ಕೆಳಗಿನ ಮನೆಯ ಉಮ್ಮ್ ಸಯೀದ್ ಕೊಟ್ಟವು. ಉಮ್ಮ್ ಸಯೀದ್ ಎಂದರೆ ಸಯೀದನ ತಾಯಿ. ಮಸ್ಕತ್ತಿನ ಅಲ್ ಗುಬ್ರಾದ ನಮ್ಮ ಕಟ್ಟಡ ಅವಳ ಮಗನದು. ಮದುವೆಯಾದ ಹೊಸದರಲ್ಲಿ ಅವಳು ಮತ್ರಾದ ಓಣಿಯೊಂದರಲ್ಲಿ ಹಿಂದೂಸ್ತಾನಿ ವ್ಯಾಪಾರಿಗಳ ಮನೆಗಳ ನಡುವೆ ಬಾಳಿದವಳು. ಹಾಗಾಗಿ ಅವಳಿಗೆ ಒಂದು ಬಗೆಯ ಹಿಂದಿ ಬರುತ್ತಿತ್ತು. ಬಾಗಲಕೋಟೆ ಕಡೆಯಿಂದ ಬಂದ ಅವ್ವನಿಗೂ ಇನ್ನೊಂದು ಬಗೆಯ ಹಿಂದಿ ಬರುತ್ತಿತ್ತು. ಆ ಎರಡು ಹಿಂದಿಗಳ ನಡುವೆ ಉಳಿದ ಸಂದುಗಳನ್ನು ಶಾಲೆಯಲ್ಲಿ ಕಲಿತ ನನ್ನ ಅರಬ್ಬಿ ತುಂಬುತ್ತಿತ್ತು. ಮಧ್ಯಾಹ್ನ ಶಾಲೆಯಿಂದ ಬಂದು ಕೆಳಗಿಳಿದರೆ ಇಬ್ಬರೂ ಕಾಲು ಚಾಚಿ ಕೂತು ಖರ್ಜೂರದ ಬೀಜಗಳನ್ನು ಒಂದೇ ತಟ್ಟೆಗೆ ಹಾಕುತ್ತಿರುತ್ತಿದ್ದರು. ಉಮ್ಮ್ ಸಯೀದ್ ಒಂದು ಹೆಸರು ಹೇಳುವಳು, ಅವ್ವ ಒಂದು ಹೆಸರು ಹೇಳುವಳು. ಗುಬ್ರಾ ಎಂದರೆ ಧೂಳು, ನಾವೆಲ್ಲ ಧೂಳಿನ ಊರಲ್ಲಿ ಬಾಡಿಗೆ ಕೊಟ್ಟು ಕೂತವರು ಎಂದು ಉಮ್ಮ್ ಸಯೀದ್ ನಕ್ಕರೆ, ಅವ್ವ ತನ್ನ ತವರಿನ ಅತ್ತಿ-ಸೊಸಿ ಬಾವಿಯ ಕತೆ ತೆಗೆಯುವಳು. ಮಾತು ಬಿಟ್ಟ ಅತ್ತೆ ಸೊಸೆ ಇಬ್ಬರೂ ಎರಡು ಕಡೆಯಿಂದ ತೋಡುತ್ತ ಹೋದರಂತೆ, ನಡುವೆ ನೀರು ಸಿಕ್ಕಿತಂತೆ.

"ನೀರು ಮೊದಲು ಯಾರಿಗೆ ಸಿಕ್ಕಿತು?" ಎಂದು ಉಮ್ಮ್ ಸಯೀದ್ ಕೇಳಿದಳು.

"ಸೊಸಿಗೆ," ಅಂದಳು ಅವ್ವ.

"ನಿನ್ನ ಅತ್ತೆಯನ್ನು ಕೇಳಿದರೆ?"

"ಅತ್ತಿಗೆ ಅಂತಾರ."

ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದು ನೆನಪಿದೆ. ಆ ಕೆಳಮನೆಯನ್ನು ಬಿಟ್ಟು ಅವ್ವ ಹಾಗೆ ನಗುವುದನ್ನು ನಾನು ಆ ವರ್ಷಗಳಲ್ಲಿ ಬೇರೆಲ್ಲೂ ನೋಡಲಿಲ್ಲ.

ಮೇಲಿನ ನಮ್ಮ ಮನೆ ಎರಡು ಕೋಣೆ, ಒಂದು ಹಾಲ್. ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನಿಂದ ಬರುವ ತಣ್ಣೀರಿನ ನಲ್ಲಿಯಲ್ಲಿ ಕೈಸುಡುವ ನೀರು ಬರುತ್ತಿತ್ತು. ಹಾಗಾಗಿ ಗೀಸರ್ ಆರಿಸಿಟ್ಟು ಅದರೊಳಗೆ ತಣಿದ ನೀರಲ್ಲೇ ಸ್ನಾನ. ಬಾಲ್ಕನಿಯಿಂದ ಅಪ್ಪ ಕೆಲಸ ಮಾಡುವ ಸ್ಥಾವರದ ಚಿಮಣಿಗಳು ಕಾಣುತ್ತಿದ್ದವು. ಅಲ್ಲಿ ಕರೆಂಟೂ ಆಗುತ್ತದೆ, ಸಮುದ್ರದ ಉಪ್ಪುನೀರು ಸಿಹಿನೀರೂ ಆಗುತ್ತದೆ ಎಂದು ಅಪ್ಪ ಬಂದವರಿಗೆಲ್ಲ ತೋರಿಸುತ್ತಿದ್ದ. ಅವನು ಅಲ್ಲಿನ ಎಲೆಕ್ಟ್ರಿಕಲ್ ವಿಭಾಗದವನು. ಪರ್ಮಿಟ್ ಇಲ್ಲದೆ ಯಾರೂ ಯಾವ ಸ್ವಿಚ್ಚನ್ನೂ ಮುಟ್ಟಬಾರದು ಎನ್ನುವುದು ಅವನ ಕೆಲಸದ ಮೊದಲ ನಿಯಮ. ಆ ನಿಯಮವನ್ನು ಅವನು ಮನೆಗೂ ಹೊತ್ತು ತರುತ್ತಿದ್ದ. ಮಿಕ್ಸರ್ ತೊಳೆಯುವ ಮೊದಲು ಪ್ಲಗ್ ತೆಗೆದದ್ದನ್ನು ಬಾಯಿಬಿಟ್ಟು ಹೇಳಬೇಕಿತ್ತು. ಕೋಪದವನಲ್ಲ, ಕೈ ಎತ್ತಿದವನಲ್ಲ. ಆದರೆ ಅವನು "ಬ್ಯಾಡ" ಎಂದರೆ ಮುಗಿಯಿತು.

ಅವ್ವನ ಡ್ರೈವಿಂಗ್ ವಿಷಯದಲ್ಲಿ ಅವನು ಬ್ಯಾಡ ಎಂದಿದ್ದ. ಮಸ್ಕತ್ತಿನಲ್ಲಿ ಗಾಡಿ ಇಲ್ಲದವರಿಗೆ ಕಾಲಿಲ್ಲ. ಶಾಲೆ, ಆಸ್ಪತ್ರೆ, ಮವಾಲೇಹ್‌ನ ತರಕಾರಿ ಮಾರುಕಟ್ಟೆ, ಎಲ್ಲಕ್ಕೂ ಅವ್ವ ಅಪ್ಪನ ಶಿಫ್ಟ್ ಮುಗಿಯುವುದನ್ನು ಕಾಯಬೇಕಿತ್ತು. ಎದುರುಮನೆಯ ಶಾರದಕ್ಕನ ಒತ್ತಾಯಕ್ಕೆ ಅವ್ವ ಕಲಿಯಲು ಸೇರಿದಳು. ಶಾರದಕ್ಕ ಉಡುಪಿ ಕಡೆಯ ತುಳುವರು, ಆಫೀಸಿಗೆ ತಾವೇ ಗಾಡಿ ಬಿಟ್ಟುಕೊಂಡು ಹೋಗುವವರು. ಇಲ್ಲಿ ಮೊದಲು ಸಾಲಾಗಿ ನಿಲ್ಲಿಸಿದ ಡ್ರಮ್ಮುಗಳ ನಡುವೆ ಗಾಡಿಯನ್ನು ಹಿಂದಕ್ಕೆ ತೆಗೆಯಬೇಕು, ಆಮೇಲೆ ಏರಿನಲ್ಲಿ ನಿಲ್ಲಿಸಿ ಎಬ್ಬಿಸಬೇಕು, ಕೊನೆಗೆ ಪೊಲೀಸರು ಪಕ್ಕದಲ್ಲಿ ಕೂತು ನೋಡುವ ರಸ್ತೆಯ ಪರೀಕ್ಷೆ. ಅವ್ವ ಡ್ರಮ್ಮಿನಲ್ಲೂ ಏರಿನಲ್ಲೂ ಪಾಸಾದಳು. ರಸ್ತೆಯಲ್ಲಿ ಎರಡು ಸಲ ಫೇಲಾದಳು. ಎರಡನೇ ಸಲ ಫೇಲಾದ ದಿನ ಊಟದ ಹೊತ್ತಿಗೆ ಅಪ್ಪ ರೊಟ್ಟಿ ಮುರಿಯುತ್ತ ಹೇಳಿದ:

"ಸಾಕಿನ್ನ. ದೊಡ್ಡ ರೋಡಿನ್ಯಾಗ ನಿನಗ ಧೈರ್ಯ ಸಾಲೂದಿಲ್ಲ ಅಂತ ಪೊಲೀಸರ ಹೇಳಿದ್ರಲ್ಲ. ಯಾರ ಮ್ಯಾಲಾದ್ರೂ ಹಾಯಿಸಿಬಿಟ್ಟಿ ಅಂದ್ರ?"

"ಎಲ್ಲಾರೂ ಎರಡ್ ಮೂರು ಸಲ ಫೇಲ್ ಆಗ್ತಾರ್ರೀ."

"ಪರ್ಮಿಟ್ ಇಲ್ಲದ ಸ್ವಿಚ್ ಮುಟ್ಟಿದಾಂವ ತಾನೂ ಸಾಯ್ತಾನ, ಬಾಜೂದಾಂವನ್ನೂ ಕೊಲ್ತಾನ. ನಾ ಕಣ್ಣಾರೆ ನೋಡೀನಿ. ಬ್ಯಾಡ."

ಅವ್ವ ಅವನ ತಟ್ಟೆಗೆ ಶೇಂಗಾ ಚಟ್ನಿ ಹಾಕಿದಳು, ಚಮಚ ತಟ್ಟೆಗೆ ಬಡಿದ ಸದ್ದು ಅಷ್ಟು ಜೋರಾಗಿರಬೇಕಿರಲಿಲ್ಲ. ಅಂದಿನಿಂದ ಅವಳು ಕೆಳಮನೆಯಲ್ಲಿ ಕೂರುವ ಹೊತ್ತು ಇನ್ನೂ ಹೆಚ್ಚಾಯಿತು.

ನಾನು ಆರನೇ ಕ್ಲಾಸಿನಲ್ಲಿದ್ದಾಗ ಚಳಿಗಾಲದ ಒಂದು ಶುಕ್ರವಾರ ಉಮ್ಮ್ ಸಯೀದಳನ್ನು ಬೆಟ್ಟದ ಮೇಲಿನ ಅವಳ ತವರಿಗೆ ಕರೆದೊಯ್ಯುವುದು ಅಪ್ಪನ ಪಾಲಿಗೆ ಬಂತು. ಅವಳ ಮಗ ಪರದೇಶಕ್ಕೆ ಹೋಗಿದ್ದ, ತಂಗಿಗೆ ಹುಷಾರಿಲ್ಲವೆಂದು ಅವಳು ಒದ್ದಾಡುತ್ತಿದ್ದಳು. ಮನೆಯ ಮಾಲೀಕನ ತಾಯಿ, ಇಲ್ಲವೆನ್ನುವ ಹಾಗಿರಲಿಲ್ಲ. ಅಪ್ಪ ಸಹೋದ್ಯೋಗಿಯೊಬ್ಬನ ಫೋರ್ ವೀಲ್ ಗಾಡಿ ಕೇಳಿ ತಂದ. ಅಪ್ಪ, ಅವ್ವ ಮುಂದೆ, ನಾನು ಮತ್ತು ಉಮ್ಮ್ ಸಯೀದ್ ಹಿಂದೆ. ಡಾಂಬರು ಮುಗಿದು ಕಲ್ಲುದಾರಿ ಶುರುವಾದ ಮೇಲೆ ಅವಳು ಕಿಟಕಿಗೆ ಮೂಗು ಒತ್ತಿ ಒಂದೊಂದೇ ಜಾಗದ ಹೆಸರು ಹೇಳುತ್ತ ಬಂದಳು. ಕತ್ತೆ ಅತ್ತ ಬಯಲು. ಸಾಲಗಾರ ಅಡಗಿದ ಗುಹೆ. ಮುಳ್ಳುಮರವೊಂದು ಬಿಟ್ಟು ಬೇರೇನೂ ಇಲ್ಲದ ತಿರುವಿಗೂ ಒಂದು ಹೆಸರು: ತಾಯಿ ಹಿಂದಿರುಗಿ ನೋಡಿದ ಜಾಗ. ಹಗಲೆಲ್ಲ ಖಾಲಿ ಕಾಣುವ ಆ ಗುಡ್ಡಗಳಲ್ಲಿ ಇಷ್ಟು ಜನ ಓಡಾಡಿ ಅತ್ತು ಅಡಗಿ ಹೋಗಿದ್ದಾರಲ್ಲ ಎಂದು ನನಗೆ ಮೈ ಜುಮ್ಮೆನ್ನುತ್ತಿತ್ತು. ಅಪ್ಪ ಮಾತ್ರ ಕನ್ನಡಿಯಲ್ಲಿ ನನ್ನ ಮುಖ ನೋಡಿ, "ಏ ಸುಮಿ, ಇವೆಲ್ಲ ಪರೀಕ್ಷಾದಾಗ ಬರೂದಿಲ್ಲವಾ," ಎಂದು ನಗಾಡಿದ.

ಘಟ್ಟದ ಬುಡದಲ್ಲಿ ಒಂದು ಚಹಾದಂಗಡಿಯಿತ್ತು. ಅದರ ಮುದುಕ ಅಪ್ಪನಿಗೆ ಹಿಂದಿಯಲ್ಲಿ ಎಚ್ಚರಿಕೆ ಹೇಳಿದ. ಮೇಲಿನದು ಅಕಬತ್ ಅಲ್ ಅಮ್ಯಾ, ಕುರುಡಿಯ ಘಟ್ಟ. ಹಿಂದೆ ಒಬ್ಬ ಕುರುಡು ಹೆಂಗಸು ಹಟ ಹಿಡಿದು ಕತ್ತೆಯ ಹಗ್ಗ ತನ್ನ ಕೈಗೆ ತೆಗೆದುಕೊಂಡಳು, ಕತ್ತೆ ಸಮೇತ ಕಂದರಕ್ಕೆ ಬಿದ್ದಳು. ಅಂದಿನಿಂದ ಆ ಘಟ್ಟದಲ್ಲಿ ಹೆಂಗಸರು ಹಗ್ಗ ಹಿಡಿಯುವುದಿಲ್ಲ, ಹಿಂದೆ ನಡೆಯುತ್ತಾರೆ. ನಿಧಾನ ಹೋಗಿ.

ಗಾಡಿ ಹೊರಟ ಮೇಲೆ ಉಮ್ಮ್ ಸಯೀದ್ ನಾಲಿಗೆ ಲೊಚಗುಟ್ಟಿದಳು. "ಝೂಟ್. ಅವಳು ಬಿದ್ದೇ ಇಲ್ಲ. ಧೂಳೆದ್ದು ಹಗಲೇ ಕತ್ತಲಾದಾಗ ಗಂಡಸರಿಗೆ ದಾರಿ ಕಾಣಲಿಲ್ಲ. ಅವಳಿಗೆ ಮೊದಲೂ ಕಾಣುತ್ತಿರಲಿಲ್ಲ, ಆಗಲೂ ಕಾಣಲಿಲ್ಲ. ಅವಳೇ ಹಗ್ಗ ಹಿಡಿದು ಎಲ್ಲರನ್ನೂ ಊರು ಮುಟ್ಟಿಸಿದಳು. ನನ್ನ ಅಜ್ಜಿ ಅವಳ ಮನೆತನದವಳು. ಬಿದ್ದು ಸತ್ತವಳಿಗೆ ಮೊಮ್ಮಕ್ಕಳಾಗುತ್ತಾರಾ?"

"ಯಾವುದು ಖರೆ?" ಎಂದು ನಾನು ಅಪ್ಪನನ್ನು ಕೇಳಿದೆ.

"ಎರಡೂ ಅಲ್ಲ," ಅಂದ ಅಪ್ಪ. "ದಾರಿ ಖರೆ. ಸುಮ್ಮ ಕುಂದ್ರು."

ದಾರಿ ನಿಜಕ್ಕೂ ಭಯಂಕರವಾಗಿತ್ತು. ಒಂದು ಕಡೆ ಬೆಟ್ಟದ ಗೋಡೆ, ಇನ್ನೊಂದು ಕಡೆ ಏನೂ ಇಲ್ಲ. ಅಪ್ಪ ಅಚ್ಚುಕಟ್ಟಾಗಿ ಗಾಡಿ ಏರಿಸಿದ. ಊರಲ್ಲಿ ಹತ್ತಾರು ಮನೆ, ಮೆಟ್ಟಿಲು ಮೆಟ್ಟಿಲಾದ ತೋಟ, ಕಲ್ಲುಕಾಲುವೆಯಲ್ಲಿ ಹರಿಯುವ ನೀರು. ತಂಗಿಯ ಮನೆಯಲ್ಲಿ ಹೆಂಗಸರು, ಮಕ್ಕಳು, ಮಂಚ ಹಿಡಿದ ಒಬ್ಬ ಅಜ್ಜ. ಗಂಡಸರೆಲ್ಲ ಇದ್ದಬದ್ದ ಪಿಕಪ್ಪುಗಳನ್ನು ತೆಗೆದುಕೊಂಡು ಬೆಟ್ಟದಾಚೆಯ ಊರಿನ ಮದುವೆಗೆ ಹೋಗಿದ್ದರು. ಊಟವಾದ ಮೇಲೆ ಅಪ್ಪ ಕಾಲುವೆಯಲ್ಲಿ ಕಾಲು ತೊಳೆಯುತ್ತೇನೆಂದು ಚಪ್ಪಲಿ ಬಿಟ್ಟು ತೋಟಕ್ಕೆ ಇಳಿದ. ನಾನು ಮೇಲಿನ ಕಟ್ಟೆಯ ಮೇಲೆ ಕೂತಿದ್ದೆ. ಅವನು ಕಲ್ಲುಗೋಡೆಯ ಸಂದಿನ ಹತ್ತಿರ ಒಮ್ಮೆಲೇ ಕಾಲೆಳೆದುಕೊಂಡ.

"ಏನೋ ಚುಚ್ಚಿತು," ಎಂದ, ನಾಚಿಕೆಪಟ್ಟವನ ಹಾಗೆ.

ತೋಟದಲ್ಲಿದ್ದ ಹುಡುಗಿಯೊಬ್ಬಳು ಕಿರುಚಿದಳು. ಗೇಣುದ್ದದ ಒಂದು ಹಾವು ಸುರುಳಿ ಸುತ್ತಿ ಮೈಯನ್ನು ಮೈಗೆ ಉಜ್ಜುತ್ತ ಕರಕರ ಸದ್ದು ಮಾಡುತ್ತಿತ್ತು. ಆ ಸದ್ದು ಕೇಳಿದ ಕೂಡಲೇ ಮನೆಯೊಳಗಿನ ಹೆಂಗಸರೆಲ್ಲ ಹೊರಗೆ ಬಂದರು. ಯಾರೂ ಅಳಲಿಲ್ಲ, ಯಾರೂ ಗದ್ದಲ ಮಾಡಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. ಬಲಗಾಲಿನ ಹರಡಿನ ಮೇಲೆ ಎರಡು ಚುಕ್ಕೆ. ನೋಡುನೋಡುತ್ತಲೇ ಸುತ್ತಲೂ ಬಾವು ಏರತೊಡಗಿತು. ಉಮ್ಮ್ ಸಯೀದ್ ಅವ್ವನ ತೋಳು ಹಿಡಿದು ಹೇಳಿದಳು: ಘಟ್ಟದ ಕೆಳಗೆ ಸರ್ಕಾರಿ ದವಾಖಾನೆಯಿದೆ, ಅಲ್ಲಿ ಇದಕ್ಕೆ ಔಷಧಿಯಿದೆ, ಇಲ್ಲಿ ಏನೂ ಇಲ್ಲ. ಅಪ್ಪನ ಮೊಬೈಲಿನಲ್ಲಿ ಸಿಗ್ನಲ್ ಇರಲಿಲ್ಲ.

"ನಾನ ಹೊಡೀತೀನಿ," ಎಂದು ಅಪ್ಪ ಕುಂಟುತ್ತ ಹೋಗಿ ಸ್ಟೇರಿಂಗಿನ ಮುಂದೆ ಕೂತ. ಬಲಗಾಲನ್ನು ಬ್ರೇಕಿನ ಮೇಲಿಟ್ಟು ಒತ್ತಿದವನೇ ಬಾಗಿಲಿನಾಚೆ ಬಾಗಿ ವಾಂತಿ ಮಾಡಿದ.

ಅವ್ವ ಬಾಗಿಲ ಬಳಿ ನಿಂತಿದ್ದಳು. "ಇಳೀರಿ," ಅಂದಳು.

"ನಿನ್ನ ಹತ್ರ ಲೈಸನ್ಸ್ ಇಲ್ಲ."

"ಇಳೀರಿ."

"ಹುಚ್ಚಿ ಏನ್ ನೀನು? ಗಂಡಸರು ಬರಲಿ, ಕಾಯೂಣು."

"ಅವರು ಸಂಜಿಕ ಬರ್ತಾರ. ಅಲ್ಲೀತನಕ ನೀವು ಇರತೀರೇನು?"

ಅಪ್ಪ ಇಳಿದು, ಗಾಡಿ ಹಿಡಿದುಕೊಂಡು ಸುತ್ತಿ ಹೋಗಿ ಪಕ್ಕದ ಸೀಟಿನಲ್ಲಿ ಕೂತ. ನನ್ನ ಕಡೆ ನೋಡಿದ. "ಸುಮಿ ಇಲ್ಲೇ ಇರಲಿ," ಅಂದ. ನಾನು ಆಗಲೇ ಹಿಂದಿನ ಸೀಟು ಹತ್ತಿಯಾಗಿತ್ತು, ಯಾರು ಹೇಳಿದರೂ ಇಳಿಯುವವಳಲ್ಲ. ಉಮ್ಮ್ ಸಯೀದ್ ತನ್ನ ಊರುಗೋಲು ಸಮೇತ ನನ್ನ ಪಕ್ಕ ಹತ್ತಿ ಕೂತು ಮುಂದಿನ ಸೀಟಿನ ಬೆನ್ನಿಗೆ ಬಡಿದಳು. "ಯಲ್ಲಾ," ಹೊರಡು ಎಂದಳು.

ಅವ್ವ ಕಲಿತದ್ದು ಸಣ್ಣ ಗಾಡಿಯಲ್ಲಿ, ನಗರದ ಸಪಾಟು ರಸ್ತೆಯಲ್ಲಿ. ಈ ಗಾಡಿಯ ಮೂತಿಯೇ ಅವಳಿಗೆ ಕಾಣುತ್ತಿರಲಿಲ್ಲ. ಸೀಟನ್ನು ಮುಂದೆ ಎಳೆದುಕೊಂಡಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮೊದಲ ಸಲ ಗಾಡಿ ಎಗರಿ ಆರಿತು. ಎರಡನೇ ಸಲ ಹೊರಟಿತು. ಮನೆಗಳು ಹಿಂದೆ ಸರಿದವು, ಮೊದಲ ತಿರುವಿಗೆ ಕಂದರ ಅವ್ವನ ಕಡೆ ಬಾಯಿ ತೆರೆಯಿತು. ಅಪ್ಪನ ಕಡೆ ಬೆಟ್ಟದ ಗೋಡೆ. ಅಪ್ಪ ಶುರುವಿನಲ್ಲಿ ಒಂದೇ ಸಮನೆ ಬೈಯುತ್ತಿದ್ದ: "ನಿಂದ್ರಸು. ನಿಂದ್ರಸು ಅಂದ್ನಲ್ಲ. ಕಲ್ಲು ಐತಿ, ಕಲ್ಲು." ಮೂರನೆಯ ತಿರುವಿನ ಹೊತ್ತಿಗೆ ಬೈಗುಳ ಹೋಗಿ ಆಜ್ಞೆಗಳಾದವು: "ಬ್ರೇಕ್ ಒತ್ತಿ ಹಿಡೀಬ್ಯಾಡ, ಸುಡತೈತಿ. ಎರಡನೇ ಗೇರಿನ್ಯಾಗ ಇಳಿ." ಅವ್ವ ಹೂಂ ಎನ್ನಲಿಲ್ಲ, ಆದರೆ ಹೇಳಿದಂತೆ ಮಾಡಿದಳು. ಇನ್ನೂ ಕೆಳಗೆ ಬಂದಾಗ ಅಪ್ಪನ ಮಾತು ನಿಂತಿತು. ನಾನು ಮುಂದೆ ಬಾಗಿ ನೋಡಿದೆ. ಅವನ ಒಸಡಿನಿಂದ ರಕ್ತ ಜಿನುಗಿ ತುಟಿಯ ಮೂಲೆಗೆ ಬಂದಿತ್ತು. ನಾನು "ಅವ್ವಾ" ಎಂದೆ. ಅವಳು ತಿರುಗದೆಯೇ, "ನೋಡೀನಿ. ನೀ ಅವರ ಭುಜ ಹಿಡಕೊಂಡು ಕುಂದ್ರು, ಅಲುಗಾಡಾಕ ಬಿಡಬ್ಯಾಡ," ಎಂದಳು.

ಅರ್ಧ ಘಟ್ಟ ಇಳಿದಿದ್ದೆವು. ತಿರುವಿನಲ್ಲಿ ಒಂದು ನೀರಿನ ಟ್ಯಾಂಕರ್ ಎದುರಾಯಿತು. ಅದು ತುಂಬಿದ ಗಾಡಿ, ಏರುತ್ತಿದ್ದದ್ದು, ಹಿಂದೆ ಹೋಗುವ ಮಾತೇ ಇಲ್ಲ. ಡ್ರೈವರ್ ಹಾರ್ನ್ ಬಡಿದ, ಕೈ ಹೊರಗೆ ಹಾಕಿ ಹಿಂದೆ ಹಿಂದೆ ಎಂದು ಸನ್ನೆ ಮಾಡಿದ. ನಾವು ದಾಟಿ ಬಂದ ತಿರುವಿನ ಮೇಲೆ ಸ್ವಲ್ಪ ಅಗಲವಾದ ಜಾಗವಿತ್ತು. ಅಲ್ಲಿಗೆ ಗಾಡಿಯನ್ನು ಹಿಂದುಹಿಂದಾಗಿ ಏರಿಸಬೇಕು. ಅವ್ವ ಬ್ರೇಕ್ ಒತ್ತಿ ಹಿಡಿದು ಕೂತಳು. ಅವಳ ಕುತ್ತಿಗೆಯ ಹಿಂದಿನ ಕೂದಲು ಬೆವರಿಗೆ ಅಂಟಿಕೊಂಡದ್ದು ನನಗೆ ಕಾಣುತ್ತಿತ್ತು. ರಿವರ್ಸ್ ಹಾಕಿದಳು, ಗಾಡಿ ಆರಿತು. ಮತ್ತೆ ಎಬ್ಬಿಸಿದಳು, ಮತ್ತೆ ಆರಿತು, ಮತ್ತು ಆ ಆರುವ ಗಳಿಗೆಯಲ್ಲಿ ಒಂದಿಷ್ಟು ಕೆಳಗೆ, ಟ್ಯಾಂಕರಿನ ಕಡೆಗೆ ಜಾರಿತು. ಯಾರೋ "ದೇವರೇ" ಎಂದರು. ಅದು ನಾನೇ ಇರಬೇಕು.

ಉಮ್ಮ್ ಸಯೀದ್ ಬಾಗಿಲು ತೆಗೆದು ಇಳಿದಳು. ಆ ವಯಸ್ಸಿನ ಹೆಂಗಸು ಗಾಡಿಯ ಹಿಂದೆ ಹೋಗಿ ಬೆಟ್ಟದ ಬದಿಯಲ್ಲಿ ನಿಂತು ಕೋಲಿನಿಂದ ಗಾಡಿಯ ತಗಡಿಗೆ ಬಡಿಯುತ್ತ, "ತಆಲೀ, ಬಿಂತಿ, ತಆಲೀ," ಬಾ ಮಗಳೇ ಬಾ ಎಂದು ಕೂಗತೊಡಗಿದಳು. ಅವ್ವ ಕಿಟಕಿಯಿಂದ ತಲೆ ಹೊರಹಾಕಿ ಹಿಂದಿನ ಚಕ್ರವನ್ನೇ ನೋಡುತ್ತ ಕ್ಲಚ್ ಬಿಟ್ಟಳು. ಈ ಸಲ ಇಂಜಿನ್ ಕಿರುಚಿತು, ಆರಲಿಲ್ಲ. ಗಾಡಿ ಗೇಣು ಗೇಣಾಗಿ ಮೇಲೇರಿತು. ಕೋಲಿನ ಸದ್ದು ಎಡಕ್ಕೆ ಬಂದರೆ ಅವಳು ಎಡಕ್ಕೆ ತಿರುಗಿಸಿದಳು, ಬಲಕ್ಕೆ ಬಂದರೆ ಬಲಕ್ಕೆ. ಒಂದು ಕಲ್ಲು ಚಕ್ರದಡಿಯಿಂದ ಸಿಡಿದು ಕಂದರಕ್ಕೆ ಬಿದ್ದದ್ದು ಕೇಳಿಸಿತು. ಅದು ತಳ ಮುಟ್ಟಿದ ಸದ್ದು ಬರುವವರೆಗೂ ನಾನು ಉಸಿರು ಬಿಡಲಿಲ್ಲ. ಟ್ಯಾಂಕರ್ ನಮ್ಮ ಕನ್ನಡಿಯನ್ನು ಸವರಿಕೊಂಡು ಮೇಲೆ ಹೋಯಿತು. ಅದರ ಡ್ರೈವರ್ ಅವ್ವನನ್ನು ನೋಡಿ ಹುಬ್ಬೇರಿಸಿದ. ಅವ್ವ ಉಮ್ಮ್ ಸಯೀದ್ ಹತ್ತುವವರೆಗೆ ಕಾದು ಮತ್ತೆ ಎರಡನೇ ಗೇರಿಗೆ ಹಾಕಿದಳು.

ದವಾಖಾನೆಯಲ್ಲಿ ಅಪ್ಪನನ್ನು ಒಳಗೆ ಒಯ್ದು ಸಲೈನ್, ಹಾವಿನ ವಿಷದ ಔಷಧಿ ಹಾಕಿದರು. ದೊಡ್ಡಾಸ್ಪತ್ರೆಗೆ ಒಯ್ಯಲು ಆಂಬುಲೆನ್ಸಿಗೆ ಹೇಳಿಕಳಿಸಿದರು. ಗೇಟಿಗೆ ಅಡ್ಡವಾಗಿ ನಿಂತ ನಮ್ಮ ಗಾಡಿಯನ್ನು ನೋಡಿ ಒಬ್ಬ ಪೊಲೀಸ್ ಬಂದ. ಗಾಡಿ ಯಾರದು, ತಂದವರು ಯಾರು ಎಂದು ವಿನಯದಿಂದಲೇ ಕೇಳಿದ. ಕೀಲಿ ಅವ್ವನ ಮುಷ್ಟಿಯಲ್ಲಿತ್ತು. ಉಮ್ಮ್ ಸಯೀದ್ ಅವಳ ಕೈ ಹಿಡಿದುಕೊಂಡವಳ ಹಾಗೆ ಮಾಡಿ ಕೀಲಿಯನ್ನು ತನ್ನ ಕಪ್ಪು ನಿಲುವಂಗಿಯೊಳಗೆ ಸೇರಿಸಿದಳು. "ನನ್ನ ತಂಗಿಯ ಮೊಮ್ಮಗ ತಂದ. ನಮಾಜಿಗೆ ಹೋಗಿದ್ದಾನೆ. ಬಂದು ತೆಗೆಯುತ್ತಾನೆ," ಎಂದಳು. ಪೊಲೀಸ್ ತಲೆದೂಗಿ ಹೋದ. ಅಂಥ ಮೊಮ್ಮಗ ಯಾರೂ ಇರಲಿಲ್ಲ.

ಅಪ್ಪ ಬದುಕಿದ. ಕೆಲವು ದಿನ ಆಸ್ಪತ್ರೆಯಲ್ಲಿದ್ದು ಕಾಲಿಗೆ ಪಟ್ಟಿ ಸುತ್ತಿಕೊಂಡು ಮನೆಗೆ ಬಂದ. ನೋಡಲು ಬಂದವರ ಸಾಲು ಹತ್ತಿತು. ಮೊದಲು ಬಂದವರು ಹೇಗೆ ಕೆಳಗೆ ಬಂದಿರಿ ಎಂದು ಕೇಳಿದಾಗ ಅಪ್ಪ, "ಅಲ್ಲಿ ಹುಡುಗ ಒಬ್ಬಾಂವ ಕರಕೊಂಡು ಬಂದ," ಎಂದಷ್ಟೇ ಅಂದ. ಅವ್ವ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ಸುದ್ದಿ ಪೊಲೀಸರ ಕಿವಿಗೆ ಬೀಳಬಾರದು, ಕೇಳಿ ತಂದ ಗಾಡಿ ಬೇರೆ. ಅಷ್ಟು ನನಗೂ ತಿಳಿಯುತ್ತಿತ್ತು. ಆದರೆ ಬಂದವರು ಹೆಚ್ಚಿದಂತೆ ಆ ಹುಡುಗನೂ ಬೆಳೆದ. ಅವನಿಗೆ ಹಮೀದ್ ಎಂಬ ಹೆಸರು ಬಂತು. ಅವನು ಬೆಟ್ಟದಲ್ಲೇ ಹುಟ್ಟಿ ಬೆಳೆದವನು, ಕಣ್ಣು ಮುಚ್ಚಿಕೊಂಡು ಇಳಿಸುತ್ತಾನೆ. ಕೊನೆಗೆ ಟ್ಯಾಂಕರಿನ ಮುಂದೆ ಗಾಡಿಯನ್ನು ಹಿಂದಕ್ಕೆ ಏರಿಸಿದ್ದೂ ಅವನೇ. ಅಪ್ಪ ಕೈಗಳನ್ನು ಸ್ಟೇರಿಂಗಿನಂತೆ ತಿರುಗಿಸಿ ತೋರಿಸುತ್ತಿದ್ದ. ಅವ್ವ ನಮ್ಮ ಜೊತೆ ಊಟಕ್ಕೆ ಕೂರುವುದನ್ನು ಬಿಟ್ಟಳು. ನಮಗೆ ಬಡಿಸಿ, ನಾವೆದ್ದ ಮೇಲೆ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತೇ ತಿನ್ನುತ್ತಿದ್ದಳು. ನಾನು ಅವಳನ್ನು ನೋಡುತ್ತಿದ್ದೆ, ಅಪ್ಪನನ್ನು ನೋಡುತ್ತಿದ್ದೆ, ಹೋಂವರ್ಕಿನ ಅಕ್ಷರಗಳು ಕಣ್ಣಿಗೆ ಹತ್ತುತ್ತಿರಲಿಲ್ಲ. ಮನೆಯಲ್ಲಿ ಯಾರೂ ದನಿ ಎತ್ತುತ್ತಿರಲಿಲ್ಲ. ಬಾಗಿಲುಗಳು ಮಾತ್ರ ಸ್ವಲ್ಪ ಜೋರಾಗಿ ಮುಚ್ಚಿಕೊಳ್ಳುತ್ತಿದ್ದವು.

ಅಪ್ಪ ಕಾಲೂರಿ ನಡೆಯುವಂತಾದ ಮೇಲಿನ ಶುಕ್ರವಾರ ಮಧ್ಯಾಹ್ನ ಊಟಕ್ಕೆ ಕರೆದೆವು. ಶಾರದಕ್ಕ, ಅವರ ಯಜಮಾನರು, ಮತ್ತು ದೊಡ್ಡ ಅತಿಥಿಯಾಗಿ ಉಮ್ಮ್ ಸಯೀದ್. ಅವ್ವ ಬೆಳಗಿನಿಂದ ಎಣ್ಣೆಗಾಯಿ, ರೊಟ್ಟಿ, ಹೋಳಿಗೆ ಮಾಡಿದ್ದಳು. ಹಾಲಿನಲ್ಲಿ ಚಾಪೆ ಹಾಸಿ ಎಲ್ಲರೂ ಕೂತೆವು. ಉಮ್ಮ್ ಸಯೀದ್ ನನ್ನ ಪಕ್ಕ. ಶಾರದಕ್ಕನ ಯಜಮಾನರು ಕೇಳಿದ್ದೇ ತಡ, ಅಪ್ಪ ಮತ್ತೆ ಹಮೀದನನ್ನು ಗಾಡಿ ಹತ್ತಿಸಿದ.

"ಎಂತ ಧೈರ್ಯ ಮಾರಾಯ್ರೇ ಆ ಹುಡುಗನಿಗೆ!" ಅಂದರು ಶಾರದಕ್ಕ. "ಅವನನ್ನು ಒಮ್ಮೆ ಊಟಕ್ಕೆ ಕರೀಬೇಕಿತ್ತು ನೀವು. ಎಂತಾದ್ರೂ ಉಡುಗೊರೆ ಕೊಡ್ಬೇಕು."

"ಒಂದು ಛೊಲೊ ವಾಚ್ ಕೊಡಬೇಕು ಅಂದುಕೊಂಡೀನಿ," ಅಂದ ಅಪ್ಪ.

ಉಮ್ಮ್ ಸಯೀದ್ ನನ್ನ ಮೊಣಕೈ ತಿವಿದು, ಏನು ಹೇಳುತ್ತಿದ್ದಾನೆ ಎಂದು ಕೇಳಿದಳು. ನಾನು ಹೇಳಿದೆ. ಹಮೀದ್, ಟ್ಯಾಂಕರ್, ವಾಚ್, ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಹೋಳಿಗೆಯನ್ನು ತಟ್ಟೆಯಲ್ಲಿಟ್ಟಳು. ಹಿಂದಿ ಬಿಟ್ಟು ತನ್ನ ಅರಬ್ಬಿಯಲ್ಲಿ, ಮೆಲ್ಲಗೆ, ಒಂದು ಮಾತಂದಳು. ಕೂತವರಲ್ಲಿ ಅದು ನನಗೊಬ್ಬಳಿಗೇ ಅರ್ಥವಾಯಿತು.

"ಏನಂದ್ರವಾ?" ಎಂದು ಅಪ್ಪ ನಗುತ್ತಲೇ ಕೇಳಿದ.

ಹೋಳಿಗೆ ಚೆನ್ನಾಗಿದೆ ಅಂದರು ಎನ್ನಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಅವ್ವ ಅಡುಗೆಮನೆಯ ಬಾಗಿಲಲ್ಲಿ ತುಪ್ಪದ ಗಿಂಡಿ ಹಿಡಿದು ನಿಂತಿದ್ದಳು. ಅವಳು ನನ್ನ ಕಡೆ ನೋಡುತ್ತಿರಲಿಲ್ಲ, ಗಿಂಡಿಯನ್ನೇ ನೋಡುತ್ತಿದ್ದಳು.

"ನಮ್ಮೂರ ಘಟ್ಟದಾಗ ಹೆಂಗಸರು ಮಾಡಿದ್ದನ್ನೆಲ್ಲಾ ಗಂಡಸರು ಕಸಗೊಂಡಾರ. ಈಗ ಅಲ್ಲಿ ಇಲ್ಲದ ಗಂಡಸನ್ನೂ ಹುಟ್ಟಿಸಾಕತ್ತಾರ ಅಂತ," ಅಂದೆ. ಒಂದು ಶಬ್ದವನ್ನೂ ಮೆತ್ತಗೆ ಮಾಡಲಿಲ್ಲ.

ಮುಂದೆ ಅನುವಾದವನ್ನೇ ನಾನು ಹೊಟ್ಟೆಪಾಡಿಗೆ ಹಿಡಿದೆ. ಇದೇ ಊರಿನಲ್ಲಿ, ಎರಡು ಪಕ್ಷಗಳ ನಡುವೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುತ್ತ ವರ್ಷಗಳೇ ಕಳೆದಿವೆ. ಎಷ್ಟು ದೊಡ್ಡ ಕೋಣೆಯಲ್ಲಿ ಕೂತರೂ ಆ ಚಾಪೆಯ ಮೇಲೆ ಕೂತಾಗಿನಷ್ಟು ಎದೆ ಬಡಿದುಕೊಂಡಿಲ್ಲ.

ಅಪ್ಪನ ಮುಖದಿಂದ ನಗು ಹೋಯಿತು. ಶಾರದಕ್ಕ ಒಬ್ಬೊಬ್ಬರ ಮುಖವನ್ನೂ ನೋಡಿದರು. "ಹಂಗಂದ್ರ?" ಎಂದು ಅಪ್ಪ ನನ್ನನ್ನೇ ಕೇಳಿದ, ತಿಳಿಯದವನ ಹಾಗೆ.

ಉತ್ತರ ಕೊಟ್ಟದ್ದು ಅವ್ವ. "ಹಮೀದ್ ಇಲ್ಲ. ನಾ ಗಾಡಿ ಹೊಡದೆ," ಅಂದಳು. ಮುಂದೆ ಬಂದು ಶಾರದಕ್ಕನ ಹೋಳಿಗೆಗೆ ತುಪ್ಪ ಹಾಕಿದಳು. "ಲೈಸನ್ಸ್ ಇರಲಿಲ್ಲ. ಹೊರಗ ಹೇಳಬ್ಯಾಡ್ರಿ."

"ನೀವಾ?" ಅಂದರು ಶಾರದಕ್ಕ. ತಮ್ಮ ಎಡಗೈಯಿಂದ ಅವ್ವನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡರು. ಅಪ್ಪ ಎದ್ದು ಗೋಡೆ ಹಿಡಿದುಕೊಂಡು ಮಲಗುವ ಕೋಣೆಗೆ ಹೋದ.

ಮುಂದಿನ ದಿನಗಳಲ್ಲಿ ಅಪ್ಪ ನನ್ನೊಡನೆ ಮಾತಾಡಲಿಲ್ಲ, ಅವ್ವನೊಡನೆಯೂ ಇಲ್ಲ. ಬೇಕಾದ್ದನ್ನು ತಾನೇ ಎದ್ದು ತೆಗೆದುಕೊಳ್ಳುತ್ತಿದ್ದ. ಉಪ್ಪು ಬೇಕಾದರೂ ಕೇಳುತ್ತಿರಲಿಲ್ಲ. ಹೆಸರು ಹಿಡಿದು ಕರೆಯುವುದೇ ನಿಂತಿತ್ತು. ಅವನು ಕೆಲಸಕ್ಕೆ ಮರಳಬೇಕಿದ್ದ ದಿನ ಬೆಳಿಗ್ಗೆ ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಹಾಲಿನಲ್ಲಿ ಬೂಟಿನ ದಾರ ಕಟ್ಟಿಕೊಳ್ಳುತ್ತಿದ್ದೆ. ಅಪ್ಪ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತ.

"ಪೊಲೀಸರಿಗೆ ಗೊತ್ತಾದ್ರ ನಿನ್ನ ಒಯ್ತಾರ ಅಂತ ಹಂಗ ಹೇಳಿದ್ದೆ," ಅಂದ.

ರೊಟ್ಟಿ ಬಡಿಯುವ ಸದ್ದು ನಿಲ್ಲಲಿಲ್ಲ. "ಮೊದಲನೇ ದಿನ ಅದಕ್ಕ ಹೇಳಿದ್ರಿ," ಅಂದಳು ಅವ್ವ. "ಆಮ್ಯಾಲೆ ಯಾಕ ಹೇಳಿದ್ರಿ?"

ಹೊರಗೆ ಶಾಲೆಯ ಬಸ್ಸು ಬರುವ ಹೊತ್ತಾಗಿತ್ತು. ನಾನು ಕಟ್ಟಿದ ದಾರವನ್ನು ಬಿಚ್ಚಿ ಮತ್ತೆ ಕಟ್ಟತೊಡಗಿದೆ.

"ಟ್ಯಾಂಕರ್ ಬಂದಾಗ ಗಾಡಿ ಆರಿ ಕೆಳಗ ಜಾರಿತಲ್ಲ," ಅಂದ ಅಪ್ಪ ಕೊನೆಗೆ. ಅವನ ದನಿ ಸಣ್ಣದಾಗಿತ್ತು. "ಆಗ ನನ್ನ ಕೈ ಬಾಗಲದ ಹಿಡಿಕಿ ಮ್ಯಾಲಿತ್ತು. ನನ್ನ ಬಾಜೂ ಗುಡ್ಡ ಇತ್ತು, ಜಿಗದ್ರ ನಾ ಒಬ್ಬಾಂವ ಉಳೀತಿದ್ದೆ. ಜಿಗೀಬೇಕು ಅಂತನ ಹಿಡಿದಿದ್ದೆ. ಹಿಂದ ಸುಮಿ ಕುಂತಿದ್ಲು. ನನ್ನ ಭುಜ ಹಿಡಕೊಂಡಿದ್ಲು. ಆದ್ರೂ ಹಿಡದೆ. ಅಷ್ಟರಾಗ ನೀ ಗಾಡಿ ಮ್ಯಾಲ ತಂದಿ." ಅವನು ಮೂಗೆಳೆದ. "ನೀ ಹೊಡದಿ ಅಂತ ಹೇಳಬೇಕಾದ್ರ ಅದನ್ನೂ ಹೇಳಬೇಕಾಗತೈತಿ ಅನ್ನಿಸ್ತಿತ್ತು ನನಗ. ಅದಕ್ಕ ಅಂವನ್ನ ತಂದು ಕುಂದ್ರಸಿದೆ."

ಈಗ ಸದ್ದು ನಿಂತಿತ್ತು. ಅವ್ವ ಹಿಟ್ಟಿನ ಕೈಯಿಂದಲೇ ಹಂಚಿನ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು. ಅದು ಉಬ್ಬುವವರೆಗೂ ನೋಡುತ್ತ ನಿಂತಳು.

"ಜಿಗೀಬೇಕು ಅಂತ ನನಗೂ ಅನ್ನಿಸಿತ್ತು," ಅಂದಳು. "ಬ್ರೇಕ್ ಮ್ಯಾಲಿನ ಕಾಲು ತಗದ್ರ ಗಾಡಿ ಹೋಗಿಬಿಡತಿತ್ತು. ಅದಕ್ಕ ಕುಂತೆ."

ಅಪ್ಪ ಅವಳನ್ನೇ ನೋಡಿದ. ಅವಳು ಕುರುಡಿಯ ಕತೆ ನೆನಸಿಕೊಂಡು ಧೈರ್ಯ ತಂದುಕೊಂಡಳೆಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಎಷ್ಟೋ ವರ್ಷಗಳ ಮೇಲೆ ಕೇಳಿದಾಗ, "ಕತಿ ಎಲ್ಲಿ ನೆನಪಿರತೈತಿ, ಎರಡನೇ ಗೇರು ಅಷ್ಟ ನೆನಪಿತ್ತು," ಎಂದುಬಿಟ್ಟಳು. ಆ ಬೆಳಿಗ್ಗೆ ಅವಳು ಎರಡು ತಟ್ಟೆ ತೆಗೆದು ಹಾಲಿಗೆ ಬಂದಳು. ಒಂದನ್ನು ಅಪ್ಪನ ಮುಂದಿಟ್ಟಳು, ಇನ್ನೊಂದನ್ನು ಇಟ್ಟುಕೊಂಡು ಎದುರಿಗೆ ಕೂತಳು. ಇಬ್ಬರೂ ತಿಂದರು. ನನ್ನ ಬಸ್ಸು ಹಾರ್ನ್ ಹಾಕಿ ಹೋಗಿಬಿಟ್ಟಿತು, ಯಾರಿಗೂ ಅದರ ಪರಿವೆಯಿರಲಿಲ್ಲ.

"ಟೆಸ್ಟಿಗೆ ಮತ್ತ ಹೆಸರು ಕೊಡತಿಯೇನು?" ಎಂದು ಅಪ್ಪ ತಟ್ಟೆ ನೋಡುತ್ತ ಕೇಳಿದ.

"ಕೊಟ್ಟೀನಿ. ಮಂಗಳವಾರ ಐತಿ. ಶಾರದಕ್ಕ ಕರಕೊಂಡು ಹೋಗಿದ್ರು."

ಮಂಗಳವಾರ ಅಪ್ಪ ರಜೆ ಹಾಕಿ ತಾನೇ ಕರೆದುಕೊಂಡು ಹೋದ. ನಾನೂ ಜೊತೆಗಿದ್ದೆ. ಪರೀಕ್ಷೆಯ ಗಾಡಿ ನಮ್ಮ ಕಣ್ಣೆದುರೇ ಹೊರಟು, ಬಹಳ ಹೊತ್ತಿನ ಮೇಲೆ ಧೂಳೆಬ್ಬಿಸುತ್ತ ಮರಳಿತು. ಅವ್ವ ಇಳಿದು ನಡೆದು ಬಂದ ರೀತಿಯಲ್ಲೇ ಗೊತ್ತಾಯಿತು. ಹೆದ್ದಾರಿಗೆ ಸೇರುವಲ್ಲಿ ಅನುಮಾನಿಸಿ ನಿಂತುಬಿಟ್ಟಳಂತೆ. ಮತ್ತೆ ಫೇಲು. ಅವಳು ಗಾಡಿಯ ಪಕ್ಕ ಬಂದು ನಿಂತು ಬಿಸಿಲಿಗೆ ಕಣ್ಣು ಕಿರಿದು ಮಾಡಿದಳು. ಅಪ್ಪ ಏನೆನ್ನುತ್ತಾನೋ ಎಂದು ನಾನು ಇಬ್ಬರ ನಡುವೆ ಬಿಗಿದು ನಿಂತಿದ್ದೆ.

ಅಪ್ಪ ಜೇಬಿನಿಂದ ಕರವಸ್ತ್ರ ತೆಗೆದು ಅವಳಿಗೆ ಕೊಟ್ಟ.

"ಮುಂದಿನದು ಯಾವಾಗ ಐತಿ ಕೇಳಿದಿಯೇನು?" ಅಂದ.